ಮೊದಲು ಬಡ್ಡಿಯ ಲೆಕ್ಕ ಕಲಿಸಿ, ಉಳಿತಾಯ ಆಮೇಲೆ

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಶಿಕ್ಷಕಿ. ಒಂಬತ್ತು ಮತ್ತು ಹತ್ತನೇ ತರಗತಿ ಮಕ್ಕಳಿಗೆ ಶನಿವಾರ ಒಂದು ಪಿರಿಯಡ್ ಹಣಕಾಸಿನ ಬಗ್ಗೆ ಹೇಳಿಕೊಡಿ ಎಂದು ನಮ್ಮ ಹೆಡ್‌ಮಾಸ್ತರು ಹೇಳಿದ್ದಾರೆ. ಯೂಟ್ಯೂಬ್ ತೆಗೆದರೆ ಎಲ್ಲರೂ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು), ಶೇರು ಅಂತಾರೆ. ನಮ್ಮ ಮಕ್ಕಳ ಮನೆಗಳಲ್ಲಿ ಸಾಲವೇ ಜಾಸ್ತಿ. ಕೂಲಿ ಮಾಡುವವರ ಮನೆಯ ಮಗುವಿಗೆ "ಉಳಿತಾಯ ಮಾಡು" ಎಂದು ಹೇಳಲು ನನಗೇ ಮುಜುಗರ. ಎಲ್ಲಿಂದ ಶುರು ಮಾಡಲಿ? ಯಾವುದನ್ನು ಬಿಡಲಿ?

ಉತ್ತರ: ಮೇಡಂ, ನಿಮ್ಮ ಮುಜುಗರದಲ್ಲೇ ಅರ್ಧ ಉತ್ತರ ಇದೆ. ನಾನು ಧಾರವಾಡ, ಹಾವೇರಿ ಕಡೆಯ ಬ್ಯಾಂಕ್ ಶಾಖೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಶಾಲೆಗಳಿಗೆ ಹೋಗಿ ಇದೇ ಪಾಠ ಮಾಡುತ್ತೇನೆ. ನೇರವಾಗಿ ಹೇಳಿಬಿಡುತ್ತೇನೆ: ಉಳಿತಾಯದಿಂದ ಶುರು ಮಾಡಬೇಡಿ. ಬಡ್ಡಿಯಿಂದ ಶುರು ಮಾಡಿ. ಅದೂ ನಮಗೆ ಬರುವ ಬಡ್ಡಿಯಲ್ಲ, ನಾವು ಕಟ್ಟುವ ಬಡ್ಡಿ.

ಯಾಕೆ ಅಂತ ಒಂದು ಲೆಕ್ಕದಲ್ಲಿ ನೋಡಿ. ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 100 ರೂಪಾಯಿಯ ಆರ್‌ಡಿ ಮಾಡಿಸಿದರೆ 5 ವರ್ಷದಲ್ಲಿ 6,000 ಕಟ್ಟುತ್ತೇವೆ. 2025ರಲ್ಲಿದ್ದ 6.7 ಪರ್ಸೆಂಟ್ ದರದಲ್ಲಿ ಕೈಗೆ ಬರುವುದು ಸುಮಾರು 7,137. ಅಂದರೆ 5 ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಿದ್ದಕ್ಕೆ 1,137 ರೂಪಾಯಿ ಬಡ್ಡಿ. ಅದೇ ಮನೆಯವರು ಬಿತ್ತನೆ ಹೊತ್ತಿಗೆ ನೂರಕ್ಕೆ ಮೂರು ರೂಪಾಯಿಯಂತೆ 10,000 ಕೈಸಾಲ ತಂದರೆ ನಾಲ್ಕೇ ತಿಂಗಳಿಗೆ ಬಡ್ಡಿ 1,200. ಐದು ವರ್ಷದ ಗಳಿಕೆ ನಾಲ್ಕು ತಿಂಗಳಲ್ಲಿ ಹೋಯಿತು. ಈ ಎರಡು ಲೆಕ್ಕವನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ಯಾವುದನ್ನು ಮೊದಲು ಕಲಿಯಬೇಕು ಎಂದು ಮಕ್ಕಳೇ ಹೇಳುತ್ತಾರೆ.

ಶುರು ಮಾಡುವ ಮುಂಚೆ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. "ನಿಮ್ಮ ಮನೆಯಲ್ಲಿ ಎಷ್ಟು ಸಾಲ ಇದೆ?" ಎಂದು ಯಾವ ಮಗುವನ್ನೂ ಕೇಳಬೇಡಿ. "ಮನೆಯ ಖರ್ಚು ಬರೆದುಕೊಂಡು ಬನ್ನಿ" ಎಂಬ ಹೋಂವರ್ಕ್ ಕೂಡ ಬೇಡ. ಹೋದ ವರ್ಷಗಳಲ್ಲಿ ಮೈಕ್ರೋಫೈನಾನ್ಸ್ ಕಂತಿನ ಕಾಟಕ್ಕೆ ಊರು ಬಿಟ್ಟವರ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಎಲ್ಲರೂ ಕೇಳಿದ್ದೇವೆ. ಅಂಥ ಮನೆಯ ಮಗು ನಿಮ್ಮ ಕ್ಲಾಸಿನಲ್ಲೂ ಕೂತಿರಬಹುದು. ಗೆಳೆಯರ ಮುಂದೆ ಅದಕ್ಕೆ ತಲೆ ತಗ್ಗಿಸುವ ಹಾಗೆ ಆದರೆ ಇಡೀ ಪಾಠವೇ ವ್ಯರ್ಥ.

ಅದರ ಬದಲು ಬೋರ್ಡಿನ ಮೇಲೆ ಒಂದು ಮನೆ ಕಟ್ಟಿ. ಮೂರು ಎಕರೆ ಮಳೆಯಾಶ್ರಿತ ಎರಿ ಹೊಲ. ಹೆಸರು ಬಿತ್ತುತ್ತಾರೆ, ಆಮೇಲೆ ಕಡಲೆ. ಅಪ್ಪ ಹೊಲ ನೋಡಿಕೊಂಡು ಬಿಡುವಿದ್ದಾಗ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವ್ವ ಕೂಲಿಗೆ ಹೋಗುತ್ತಾಳೆ, ಅವಳ ಖಾತೆಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಮಗಳು ಹತ್ತನೇ ತರಗತಿ. ಕಿರಾಣಿ ಅಂಗಡಿಯಲ್ಲಿ ಉದ್ರಿ ಖಾತೆ ಇದೆ. ಆ ಮನೆಗೆ ಒಂದು ಹೆಸರು ಮಕ್ಕಳೇ ಇಡಲಿ. ವರ್ಷಪೂರ್ತಿ ಎಲ್ಲ ಲೆಕ್ಕವೂ ಆ ಮನೆಯದೇ ಆಗಲಿ. ಮಕ್ಕಳು ತಮ್ಮ ಮನೆಯ ಸಂಗತಿಯನ್ನೇ ಆ ಮನೆಯ ಹೆಸರಿನಲ್ಲಿ ಹೇಳಲು ಶುರು ಮಾಡುತ್ತಾರೆ. ಯಾರ ಮರ್ಯಾದೆಗೂ ಕುಂದಿಲ್ಲ.

ಈಗ ಬಡ್ಡಿ. ಪುಸ್ತಕದಲ್ಲಿ ಸರಳಬಡ್ಡಿ, ಚಕ್ರಬಡ್ಡಿ ಎಂಟನೇ ತರಗತಿಗೇ ಬಂದು ಹೋಗಿರುತ್ತದೆ. ಆದರೆ ಪುಸ್ತಕದ ಬಡ್ಡಿ "ವಾರ್ಷಿಕ ಶೇಕಡಾ 8" ಎಂದಿರುತ್ತದೆ. ಊರಿನ ಬಡ್ಡಿ "ನೂರಕ್ಕೆ ಎರಡು", "ನೂರಕ್ಕೆ ಮೂರು" ಎಂದಿರುತ್ತದೆ, ಅದು ತಿಂಗಳ ಲೆಕ್ಕ. ಮೂರು ಅನ್ನುವುದು ಎಂಟಕ್ಕಿಂತ ಕಡಿಮೆ ಅಂತ ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಿಗೂ ಒಂದು ಕ್ಷಣ ಅನಿಸುತ್ತದೆ. ಹನ್ನೆರಡರಿಂದ ಗುಣಿಸಿದರೆ 36. ಯಾರು ಯಾವ ರೀತಿ ಬಡ್ಡಿ ಹೇಳಿದರೂ "ವರ್ಷಕ್ಕೆ, ನೂರು ರೂಪಾಯಿಗೆ ಎಷ್ಟು?" ಎಂದು ತಿರುಗಿಸಿ ನೋಡುವ ಅಭ್ಯಾಸ ಬರಬೇಕು. ಮೊದಲ ಮೂರು-ನಾಲ್ಕು ಶನಿವಾರ ಇದೊಂದನ್ನೇ ಮಾಡಿದರೂ ನಷ್ಟವಿಲ್ಲ.

ನಂತರ ವಾರದ ಬಡ್ಡಿಗೆ ಬನ್ನಿ. ಸಂತೆ ವ್ಯಾಪಾರಿಗಳಿಗೆ, ತಳ್ಳುಗಾಡಿಯವರಿಗೆ ಇದು ಚೆನ್ನಾಗಿ ಗೊತ್ತು. ಕೈಗೆ 8,500 ಕೊಡುತ್ತಾರೆ. ವಾರಕ್ಕೆ 1,000ದಂತೆ ಹತ್ತು ವಾರ ಕಟ್ಟಬೇಕು. ಮಕ್ಕಳನ್ನು ಕೇಳಿದರೆ "1,500 ಬಡ್ಡಿ, ಹತ್ತು ಸಾವಿರಕ್ಕೆ 15 ಪರ್ಸೆಂಟ್" ಅನ್ನುತ್ತಾರೆ. ಅಲ್ಲೇ ನಿಲ್ಲಿಸಿ. ಎರಡು ಪ್ರಶ್ನೆ ಕೇಳಿ. ಕೈಗೆ ಬಂದದ್ದು ಹತ್ತು ಸಾವಿರವಾ? ಅಷ್ಟೂ ದುಡ್ಡು ಹತ್ತು ವಾರ ನಮ್ಮ ಹತ್ತಿರ ಇತ್ತಾ?

ಇಲ್ಲಿ ಒಂದು ಪಟ್ಟಿ ಹಾಕಿಸಿ. ವಾರಕ್ಕೆ ನೂರಕ್ಕೆ ಮೂರು ಎಂದು ಇಟ್ಟುಕೊಳ್ಳಿ. ಮೊದಲ ವಾರ 8,500ಕ್ಕೆ ಬಡ್ಡಿ 255. ಸಾವಿರ ಕಟ್ಟಿದರೆ ಉಳಿಯುವ ಸಾಲ 7,755. ಎರಡನೇ ವಾರ ಅದಕ್ಕೆ ಬಡ್ಡಿ ಸುಮಾರು 233, ಸಾವಿರ ಕಟ್ಟಿದ ಮೇಲೆ ಉಳಿಯುವುದು 6,988. ಹೀಗೇ ಹತ್ತು ಸಾಲು ಬರೆಯುತ್ತಾ ಹೋಗಲಿ. ಹತ್ತನೇ ವಾರ ಸಾಲ ತೀರಿ, ಸುಮಾರು 40 ರೂಪಾಯಿ ಜಾಸ್ತಿಯೇ ಕಟ್ಟಿದ್ದು ಕಾಣುತ್ತದೆ. ಅಂದರೆ ನಿಜವಾದ ಬಡ್ಡಿ ವಾರಕ್ಕೆ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಮೇಲೆ. ವರ್ಷದಲ್ಲಿ 52 ವಾರ. 150 ಪರ್ಸೆಂಟ್ ದಾಟಿತು! ಈ ಪಟ್ಟಿಯನ್ನು ನೀವು ಹಾಕಿ ತೋರಿಸಬೇಡಿ. ಮಕ್ಕಳೇ ಪೆನ್ಸಿಲ್ ಹಿಡಿದು ಹತ್ತೂ ಸಾಲು ಇಳಿಸಬೇಕು. ಕೊನೆಯ ಸಾಲಿಗೆ ಬಂದಾಗ ಅವರ ಮುಖ ನೋಡಿ.

ಮೂರನೆಯದು ಅಂಗಡಿ ಮತ್ತು ಫೈನಾನ್ಸ್‌ನವರು ಹೇಳುವ "ಫ್ಲ್ಯಾಟ್ ರೇಟ್". ನಿಮ್ಮ ಹತ್ತನೇ ತರಗತಿಯ ಸಮಾಂತರ ಶ್ರೇಢಿ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಬೋರ್ಡಿನ ಮನೆಯವರು ಹಳೇ ಬೈಕಿಗೆ 60,000 ಸಾಲ ತಂದರು. 12 ತಿಂಗಳು, 12 ಪರ್ಸೆಂಟ್ ಫ್ಲ್ಯಾಟ್, ಅಂದರೆ ಕಂತು ಕಟ್ಟುತ್ತಿದ್ದರೂ ವರ್ಷಪೂರ್ತಿ ಇಡೀ 60,000ಕ್ಕೇ ಬಡ್ಡಿ. ಬಡ್ಡಿ 7,200. ತಿಂಗಳ ಕಂತು 5,600. ಈಗ ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಾಕಿದರೆ? ತಿಂಗಳಿಗೆ ಅಸಲು 5,000 ಕಟ್ಟುತ್ತಾ ಹೋದರೆ ಮೊದಲ ತಿಂಗಳ ಬಡ್ಡಿ 600, ಎರಡನೇ ತಿಂಗಳು 550, ಮೂರನೇ ತಿಂಗಳು 500, ಕೊನೆಯ ತಿಂಗಳು 50. ಮೊದಲ ಪದ 600, ಸಾಮಾನ್ಯ ವ್ಯತ್ಯಾಸ ಮೈನಸ್ 50, ಪದಗಳು 12. ಮೊತ್ತ 3,900. ಎರಡೂ ಕಡೆ ಹೇಳಿದ್ದು 12 ಪರ್ಸೆಂಟೇ. ಒಂದು ಕಡೆ 7,200, ಇನ್ನೊಂದು ಕಡೆ 3,900. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೂ ತಯಾರಿ ಆಯಿತು, ಬೈಕ್ ಶೋರೂಮಿನಲ್ಲಿ ಕೇಳಬೇಕಾದ ಪ್ರಶ್ನೆಯೂ ಸಿಕ್ಕಿತು ಅಲ್ವಾ?

ಆ ಪ್ರಶ್ನೆ ಕೇಳಲು ಈಗ ಒಂದು ಕಾಗದದ ಆಧಾರವೂ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರ ನಂತರ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಹೊಸ ಸಾಲ ಕೊಡುವಾಗ "ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್" ಎಂಬ ಹಾಳೆ ಕೊಡಬೇಕು. ಫೀ, ಚಾರ್ಜು ಎಲ್ಲ ಸೇರಿಸಿ ವರ್ಷದ ನಿಜವಾದ ದರ ಎಷ್ಟು ಎಂದು ಅದರಲ್ಲಿ ಬರೆದಿರಬೇಕು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಸಹಿ ಹಾಕುವ ಮುಂಚೆ ಆ ಹಾಳೆ ಕೇಳಬೇಕು ಎಂಬುದು ಹದಿನೈದು ವರ್ಷದ ಮಗುವಿಗೆ ಗೊತ್ತಿದ್ದರೆ, ಅವ್ವನ ಪಕ್ಕದಲ್ಲಿ ನಿಂತು ಅದೇ ಕೇಳುತ್ತದೆ. ಜೊತೆಗೆ ಇನ್ನೊಂದು ಹೇಳಿ: ಸಾಲ ವಸೂಲಿಗೆ ಬೆದರಿಸುವುದು, ಮನೆ ಮುಂದೆ ಗಲಾಟೆ ಮಾಡುವುದು ಅಪರಾಧ. ಇದನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಆಮೇಲೆ ಅದು ಕಾಯ್ದೆಯೂ ಆಯಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮಗುವಿಗೆ ಹೆದರಿಕೆ ಕಡಿಮೆ ಆಗಲು ಈ ಮಾತು ಬೇಕು.

ಹಾಗಂತ ಸಾಲವೇ ಕೆಟ್ಟದ್ದು ಎಂಬ ಭಾವನೆ ಬರಬಾರದು. ಬಿತ್ತನೆಗೆ ಸಾಲ ಬೇಕೇ ಬೇಕು. ಊರಿನ ಸೊಸೈಟಿಯ ಮೂಲಕ ರೈತರಿಗೆ 5 ಲಕ್ಷದವರೆಗೆ ಬೆಳೆಸಾಲ ಸೊನ್ನೆ ಬಡ್ಡಿಗೆ ಸಿಗುವ ಯೋಜನೆ ನಮ್ಮ ರಾಜ್ಯದಲ್ಲಿದೆ. ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಆ ಸೊನ್ನೆ. ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ದಿನಾಂಕ ಬರೆದಿಟ್ಟುಕೊಳ್ಳುವ ಕೆಲಸವನ್ನು ಮನೆಯಲ್ಲಿ ಓದುವ ಮಕ್ಕಳೇ ವಹಿಸಿಕೊಳ್ಳಬಹುದು. ಇಂಥ ಸೊಸೈಟಿ ದೇಶದಲ್ಲೇ ಮೊದಲು ಹುಟ್ಟಿದ್ದು ನಿಮ್ಮ ಜಿಲ್ಲೆಯಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ಅದರ ಹಿಂದಿನ ವರ್ಷವಷ್ಟೇ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತ್ತು. ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಬೇಕು ಎಂಬುದೇ ಆಗಿನ ಕಾಳಜಿ. ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಬಡ್ಡಿಯ ಪಟ್ಟಿ ಹಾಕಿದ ಮೇಲೆ ಹೋದರೆ ಆ ಊರು ಅವರಿಗೆ ಬೇರೆಯಾಗಿಯೇ ಕಾಣುತ್ತದೆ.

ಸೊಸೈಟಿ ಎಂದಾಗ ಠೇವಣಿಯ ಮಾತನ್ನೂ ಆಡಲೇಬೇಕು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಎಲ್ಲ ಕಡೆ ಪತ್ತಿನ ಸಹಕಾರಿಗಳು, ಸೌಹಾರ್ದ ಸಹಕಾರಿಗಳು ತುಂಬಾ ಇವೆ. ಚೆನ್ನಾಗಿ ನಡೆಯುವವೂ ಬಹಳ. ಆದರೆ ಬ್ಯಾಂಕಿಗೂ ಇವಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮುಂಚೆ ಇದು 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಒಂದೂವರೆ ಪರ್ಸೆಂಟ್ ಬಡ್ಡಿ ಜಾಸ್ತಿ ಸಿಗುತ್ತದೆ ಎಂದು ಮಗಳ ಮದುವೆ ದುಡ್ಡನ್ನೆಲ್ಲ ಒಂದೇ ಸೊಸೈಟಿಯಲ್ಲಿ ಇಟ್ಟು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಕೌಂಟರಿನ ಈ ಕಡೆ ಕೂತು ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಇದಕ್ಕೊಂದು ಚಟುವಟಿಕೆ ಇದೆ. ಮಕ್ಕಳು ಪೇಟೆಗೆ ಹೋದಾಗ ಬೋರ್ಡ್ ಓದಿಕೊಂಡು ಬರಲಿ. ಹೆಸರಿನಲ್ಲಿ "ಬ್ಯಾಂಕ್" ಎಂದಿದೆಯಾ, "ಸಹಕಾರಿ ನಿಯಮಿತ" ಎಂದಷ್ಟೇ ಇದೆಯಾ? ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲದ ಸಂಘ ತನ್ನನ್ನು ಬ್ಯಾಂಕ್ ಎಂದು ಕರೆದುಕೊಳ್ಳುವಂತಿಲ್ಲ. ಹತ್ತು ಬೋರ್ಡ್ ಓದಿದ ಮಗು ಈ ವ್ಯತ್ಯಾಸ ಮರೆಯುವುದಿಲ್ಲ.

ಖಾತೆಯ ವಿಷಯ ಬೇಗ ಮುಗಿಸಬಹುದು. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಮಿತಿ ಎಷ್ಟು, ಎಟಿಎಂ ಕಾರ್ಡ್ ಕೊಡಬೇಕಾ ಎನ್ನುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ವಿದ್ಯಾರ್ಥಿವೇತನಕ್ಕಾಗಿ ಬಹಳ ಮಕ್ಕಳ ಖಾತೆ ಈಗಾಗಲೇ ಇರುತ್ತದೆ. ಪಾಸ್‌ಬುಕ್ ಮಾತ್ರ ಟ್ರಂಕಿನಲ್ಲಿ ಇರುತ್ತದೆ. ನಿಮ್ಮ ಕಡೆ ಬಹಳ ಪಾಸ್‌ಬುಕ್‌ಗಳ ಮೇಲೆ ಇನ್ನೂ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಎಂದೇ ಇರಬಹುದು. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಆ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿದೆ. ಕೇಂದ್ರ ಕಚೇರಿ ಈಗ ಬಳ್ಳಾರಿ. ಒಮ್ಮೆ ಶಾಖೆಗೆ ಹೋಗಿ ಎಂಟ್ರಿ ಮಾಡಿಸಿಕೊಂಡು ಬರುವುದೇ ಒಂದು ಪಾಠ.

ಪಾಸ್‌ಬುಕ್ ಓದುವುದನ್ನು ಕಲಿಸಿದ ಮೇಲೆ ಮನೆಗೆ ಒಂದೇ ಒಂದು ಕೆಲಸ ಕೊಡಿ. ಅಪ್ಪ-ಅವ್ವನ ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಯ ಹೊತ್ತಿಗೆ 20 ರೂಪಾಯಿ ಅಥವಾ 436 ರೂಪಾಯಿ ಕಡಿತ ಆಗಿದೆಯಾ ನೋಡಿ ಅನ್ನಿ. 20 ಅಂದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. 436 ಅಂದರೆ ಜೀವನ ಜ್ಯೋತಿ ಬಿಮಾ, ಯಾವ ಕಾರಣಕ್ಕೆ ತೀರಿಕೊಂಡರೂ 2 ಲಕ್ಷ. ಹೊಸದಾಗಿ ಸೇರಿದವರಿಗೆ ಮಾತ್ರ ಮೊದಲ 30 ದಿನ ಅಪಘಾತದ ಸಾವಿಗಷ್ಟೇ ಇದು ಅನ್ವಯ. ಯಾವಾಗಲೋ ಫಾರ್ಮಿಗೆ ಸಹಿ ಹಾಕಿ ಮರೆತಿರುತ್ತಾರೆ. ದುಡ್ಡು ಪ್ರತಿ ವರ್ಷ ಹೋಗುತ್ತಿರುತ್ತದೆ, ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮನೆಯ ಯಜಮಾನ ತೀರಿಕೊಂಡು ಎಷ್ಟೋ ತಿಂಗಳ ಮೇಲೆ ಬ್ಯಾಂಕಿನವರೇ ಪಾಸ್‌ಬುಕ್ ನೋಡಿ "ನಿಮಗೆ ವಿಮೆ ಇದೆಯಲ್ಲಮ್ಮಾ" ಎಂದು ಹೇಳಿದ್ದೂ ಉಂಟು. ಆ ಸಾಲು ಏನು ಅಂತ ಮಗುವಿಗೆ ಗೊತ್ತಿದ್ದರೆ ಸಾಕು. ಶಾಲೆಗೆ ಬಂದು ಹೇಳಬೇಕಿಲ್ಲ, ಮನೆಯಲ್ಲೇ ಹೇಳಲಿ.

ಇನ್ನು ಮೊಬೈಲ್. ಇಲ್ಲಿ ಮಕ್ಕಳು ನಮಗಿಂತ ಮುಂದೆ ಇದ್ದಾರೆ. ಹಾಗಾಗಿ ಉಪದೇಶ ಬೇಡ, ನಿಯಮ ಸಾಕು. ದುಡ್ಡು ಬರಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಮೋಸ ಆಯಿತು ಅಂದರೆ ಅಳುತ್ತಾ ಕೂರದೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಇಷ್ಟನ್ನು ಹೆಚ್ಚಿನವರು ಹೇಳುತ್ತಾರೆ. ಹೇಳದೆ ಬಿಡುವುದು ಖಾತೆ ಬಾಡಿಗೆಯ ವಿಷಯ. "ನಿನ್ನ ಖಾತೆಗೆ ದುಡ್ಡು ಹಾಕ್ತೀವಿ, ತೆಗೆದುಕೊಡು, ನಿನಗೆ ಎರಡು ಸಾವಿರ" ಎಂದು ಪಿಯುಸಿ, ಡಿಗ್ರಿ ಹುಡುಗರನ್ನು ಹಿಡಿಯುವವರು ಇದ್ದಾರೆ. ಆ ದುಡ್ಡು ಬೇರೆ ಯಾರಿಗೋ ಮೋಸ ಮಾಡಿದ್ದು. ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆ ಬಾಗಿಲಿಗೆ. ನಿಮ್ಮ ಮಕ್ಕಳು ಎರಡು ವರ್ಷದಲ್ಲಿ ಹುಬ್ಬಳ್ಳಿ, ಧಾರವಾಡದ ಹಾಸ್ಟೆಲ್‌ಗಳಿಗೆ ಬರುತ್ತಾರೆ. ಅಷ್ಟರೊಳಗೆ ಇದು ತಲೆಗೆ ಹೋಗಿರಬೇಕು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ ಎಂಬುದನ್ನೂ ಹುಡುಗರಿಗೆ ಹೇಳಿ.

ಲೆಕ್ಕ ಇಡುವುದನ್ನು ಕಲಿಸಲು ಮಕ್ಕಳ ಸಂತೆಯನ್ನು ಬಳಸಿಕೊಳ್ಳಿ. ಬಹಳ ಶಾಲೆಗಳಲ್ಲಿ ಸಂತೆ ಮಾಡುತ್ತಾರೆ, ಫೋಟೋ ತೆಗೆಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಮಾರನೇ ದಿನ ಮಾಡುವ ಲೆಕ್ಕದಲ್ಲೇ ಪಾಠ ಇರುವುದು. ಐದು ಮಕ್ಕಳು ಸೇರಿ ಗಿರ್ಮಿಟ್ ಮಾರಿದರು ಅಂತ ಇಟ್ಟುಕೊಳ್ಳಿ. ಡಬ್ಬಿಯಲ್ಲಿ 940 ರೂಪಾಯಿ. ಅಷ್ಟೂ ಲಾಭ ಎಂದು ಕುಣಿಯುತ್ತಾರೆ. ಚುರುಮುರಿ, ಈರುಳ್ಳಿ, ಟೊಮ್ಯಾಟೊ, ಪೇಪರ್ ಪ್ಲೇಟು ಸೇರಿ ಪೇಟೆಯಿಂದ ತಂದದ್ದು 410. ಅದನ್ನು ತಾವೇ ಕಳೆಯುತ್ತಾರೆ. ಆಗ ಕೇಳಿ: ಎಣ್ಣೆ ಎಲ್ಲಿಂದ ಬಂತು? ಪುಟಾಣಿ ಹಿಟ್ಟು? ಗ್ಯಾಸ್? "ಮನೆಯಿಂದ ಅಕ್ಕಾರ್ರೀ." ಮನೆಯಿಂದ ಬಂದದ್ದಕ್ಕೂ ಬೆಲೆ ಇದೆ. 190 ಎಂದು ಹಾಕಿದರೆ ಉಳಿದದ್ದು 340. ಒಬ್ಬರಿಗೆ 68. ಬೆಳಗ್ಗೆ ಐದಕ್ಕೆ ಎದ್ದು ಒಗ್ಗರಣೆ ಮಾಡಿಕೊಟ್ಟ ಅವ್ವನ ಕೂಲಿ ಇನ್ನೂ ಹಾಕಿಲ್ಲ. ಗೆಳೆಯರಿಗೆ ಉದ್ರಿ ಕೊಟ್ಟ ಮೂರು ಪ್ಲೇಟಿನ ದುಡ್ಡೂ ಬಂದಿಲ್ಲ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಮೇಡಂ. ಹೊಲದ ಲೆಕ್ಕವೂ ಹೀಗೇ ಅಲ್ವಾ? ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಪಟ್ಟಿ ಬಂದಾಗ ಕಾಣುವ ಮೊತ್ತ ದೊಡ್ಡದು. ಬೀಜ, ಗೊಬ್ಬರ, ಔಷಧಿ, ಆಳು, ಬಾಡಿಗೆ ಕಳೆಯುತ್ತಾರೆ. ಮನೆಮಂದಿ ಆರು ತಿಂಗಳು ದುಡಿದದ್ದನ್ನು ಯಾರೂ ಬರೆಯುವುದಿಲ್ಲ. ಗಿರ್ಮಿಟ್ ಲೆಕ್ಕ ಮಾಡಿದ ಮಕ್ಕಳಿಗೆ ಬೋರ್ಡಿನ ಮನೆಯ ಹೊಲದ ಲೆಕ್ಕ ಹಾಕಲು ಹೇಳಿ. ಅವರಿಗೆ ದರಗಳು ನಿಮಗಿಂತ ಚೆನ್ನಾಗಿ ಗೊತ್ತಿರುತ್ತವೆ.

ಉಳಿತಾಯ ಈಗ ಬರಲಿ. ಈ ಹೊತ್ತಿಗೆ ಅದು ಉಪದೇಶ ಅನಿಸುವುದಿಲ್ಲ. ಬೋರ್ಡಿನ ಮನೆಯವರ ಕೈಯಲ್ಲಿ 3,000 ರೂಪಾಯಿ ಇದ್ದಿದ್ದರೆ ಯಾವ ಕೈಸಾಲ ತಪ್ಪುತ್ತಿತ್ತು ಎಂದು ಕೇಳಿ. ಜ್ವರಕ್ಕೆ ತಂದದ್ದು, ಬೈಕ್ ರಿಪೇರಿಗೆ ತಂದದ್ದು ಎಂದು ಅವರೇ ಎಣಿಸುತ್ತಾರೆ. ನೂರಕ್ಕೆ ಮೂರರ ಸಾಲ ತಪ್ಪಿಸಿದ ಪ್ರತಿ ನೂರು ರೂಪಾಯಿಯೂ ವರ್ಷಕ್ಕೆ 36 ಉಳಿಸಿಕೊಡುತ್ತದೆ. ಅಷ್ಟು ಬಡ್ಡಿ ಯಾವ ಬ್ಯಾಂಕೂ ಕೊಡುವುದಿಲ್ಲ. ಕೂಲಿ ಮಾಡುವ ಮನೆಗೂ ಈ ಮಾತು ನಾಟುತ್ತದೆ. ಅವ್ವಂದಿರ ಭಿಶಿ (ಚೀಟಿ ಹಾಕುವುದು), ಸ್ವಸಹಾಯ ಸಂಘದ ಉಳಿತಾಯ ಇವನ್ನೂ ಇಲ್ಲೇ ಸೇರಿಸಿ. ಭಿಶಿ ನಂಬಿಕೆಯ ಮೇಲೆ ನಡೆಯುತ್ತದೆ, ಕಾಗದ ಇರುವುದಿಲ್ಲ. ಅದನ್ನು ಇದ್ದ ಹಾಗೇ ಹೇಳಿ.

ಶೇರು, ಮ್ಯೂಚುವಲ್ ಫಂಡ್ ಬಗ್ಗೆ ಕೇಳಿದ್ದೀರಿ. ಹತ್ತನೇ ತರಗತಿಯ ಕೊನೆಗೆ ಒಂದು ಪಿರಿಯಡ್ ಸಾಕು. ಶೇರು ಅಂದರೆ ಕಂಪನಿಯಲ್ಲಿ ಪಾಲು, ಬೆಲೆ ಏರುತ್ತದೆ, ಇಳಿಯುತ್ತದೆ, ಸಾಲ ಮಾಡಿ ತೆಗೆದುಕೊಳ್ಳುವಂಥದ್ದಲ್ಲ. ತಿಂಗಳಿಗೆ ಇಷ್ಟು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರಬೇಕು. ಇದರಾಚೆಗಿನದು ಅವರು ದುಡಿಯಲು ಶುರು ಮಾಡಿದ ಮೇಲೆ ಕಲಿಯಬಹುದು.

ಒಬ್ಬರೇ ಎಲ್ಲವನ್ನೂ ಹೊರಬೇಡಿ. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರದ ಪಾಠ ಇದೆ. ಆ ವಿಷಯದ ಶಿಕ್ಷಕರ ಜೊತೆ ಪಾಠ ಹಂಚಿಕೊಳ್ಳಿ. ಪ್ರತಿ ಜಿಲ್ಲೆಗೂ ಒಂದು ಲೀಡ್ ಬ್ಯಾಂಕ್ ಕಚೇರಿ ಇರುತ್ತದೆ. ಅಲ್ಲಿ ಕೇಳಿದರೆ ಆರ್ಥಿಕ ಸಾಕ್ಷರತಾ ಸಲಹೆಗಾರರು ಶಾಲೆಗೆ ಬರುತ್ತಾರೆ, ದುಡ್ಡು ಕೊಡಬೇಕಿಲ್ಲ. ಖಾಸಗಿ ಕಂಪನಿಯವರು "ಉಚಿತ ಕಾರ್ಯಾಗಾರ" ಎಂದು ಬಂದರೆ ಮಾತ್ರ ಹೆಡ್‌ಮಾಸ್ತರಿಗೆ ಮೊದಲೇ ಹೇಳಿಡಿ: ಮಕ್ಕಳ, ಪಾಲಕರ ಫೋನ್ ನಂಬರ್ ಬರೆಸಿಕೊಳ್ಳಲು ಬಿಡಬಾರದು, ಯಾವ ಪಾಲಿಸಿಯ ಹೆಸರನ್ನೂ ಕ್ಲಾಸಿನೊಳಗೆ ಎತ್ತಬಾರದು. ನೂರಕ್ಕೆ ಮೂರರ ಲೆಕ್ಕವನ್ನು ಈ ಶನಿವಾರವೇ ಶುರು ಮಾಡಿ. ವಾರದ ಬಡ್ಡಿಯ ಪಟ್ಟಿಗೆ ಬಂದಾಗ ಹತ್ತು ಸಾಲಿಗೆ ಒಂದು ಪಿರಿಯಡ್ ಸಾಲದಿದ್ದರೆ ಮುಂದಿನ ವಾರಕ್ಕೆ ಹೋಗಲಿ, ಅವಸರ ಮಾಡಬೇಡಿ.